ಶಿಬಿರದ ಮೊದಲ ದಿನ, ಮಾತ್ರೆ ಮೇಜಿನ ಎದುರು

ಅಮೆರಿಕದ ಕನೆಕ್ಟಿಕಟ್‌ನ ಆಶ್‌ಫರ್ಡ್‌ನಲ್ಲಿ ನಟ ಪಾಲ್ ನ್ಯೂಮನ್ 1988ರಲ್ಲಿ ಶುರುಮಾಡಿದ ‘ಹೋಲ್ ಇನ್ ದ ವಾಲ್ ಗ್ಯಾಂಗ್’ ಶಿಬಿರ ನೋಡಲು ಹಳೇ ಕೌಬಾಯ್ ಊರು. ಅಲ್ಲಿನ ಚಿಕಿತ್ಸಾಲಯಕ್ಕೂ ಕೌಬಾಯ್ ಕತೆಗಳಲ್ಲಿ ಬರುವ ‘ಓಕೆ ಕೊರಾಲ್’ ಅಂತಲೇ ಹೆಸರು. ಕ್ಯಾನ್ಸರ್ ಮತ್ತಿತರ ಗಂಭೀರ ಕಾಯಿಲೆಯ ಮಕ್ಕಳು ಬರುತ್ತಾರೆ, ಖರ್ಚೆಲ್ಲ ಶಿಬಿರದ್ದೇ. ಫೋಟೊಗಳಲ್ಲಿ ಈಜು, ಕುದುರೆ, ಮೀನು ಹಿಡಿಯುವ ಮಕ್ಕಳು ಕಾಣುತ್ತಾರೆ. ಆದರೆ ಇಂಥ ಯಾವ ಶಿಬಿರವಾದರೂ ನಿಂತಿರುವುದು ಮೊದಲ ದಿನ ಔಷಧಿ ಒಪ್ಪಿಸಿಕೊಳ್ಳುವ ಮೇಜಿನ ಮೇಲೆ.

ರಕ್ತದ ಕ್ಯಾನ್ಸರಿನ ಮಕ್ಕಳು ಆಸ್ಪತ್ರೆ ವಾಸ ಮುಗಿದ ಮೇಲೂ ವರ್ಷಗಟ್ಟಲೆ ಮಾತ್ರೆ ನುಂಗುತ್ತಾರೆ. 6-ಎಂಪಿ (ಮರ್ಕ್ಯಾಪ್ಟೊಪ್ಯೂರಿನ್) ಎಂಬ ಕ್ಯಾನ್ಸರ್ ಮಾತ್ರೆ ದಿನಾ, ಮೆಥೊಟ್ರೆಕ್ಸೇಟ್ ಎಂಬ ಇನ್ನೊಂದು ವಾರಕ್ಕೊಂದೇ ಸಲ. ಒಂದು ಮಗುವಿಗೆ 2.5 ಮಿಲಿಗ್ರಾಮಿನ ಎಂಟು ಮಾತ್ರೆ ಗುರುವಾರ ಅಂದರೆ ಗುರುವಾರವೇ. ಗೊತ್ತಿಲ್ಲದವರು ದಿನಾ ಕೊಟ್ಟರೆ ಬಾಯೆಲ್ಲ ಹುಣ್ಣಾಗಿ, ರಕ್ತಕಣ ಕುಸಿದು, ಜೀವಕ್ಕೇ ಕುತ್ತು. ಅದಕ್ಕೇ ಎಲ್ಲವನ್ನೂ ಒಂದೇ ಡಬ್ಬಿಗೆ ಸುರಿದು ತಂದ ಅಪ್ಪ ಅಮ್ಮಂದಿರನ್ನು ಕಂಡರೆ ನರ್ಸ್‌ಗಳಿಗೆ ಎದೆ ಧಸಕ್ ಅನ್ನುತ್ತದೆ. ಇನ್ನು 6-ಎಂಪಿ ಪ್ರಮಾಣ ಕೌಂಟ್, ಅಂದರೆ ರಕ್ತಕಣಗಳ ಲೆಕ್ಕ, ನೋಡಿಕೊಂಡು ಬದಲಾಗುತ್ತಿರುತ್ತದೆ. ಲೇಬಲ್ ಮೇಲೆ ಒಂದೂವರೆ ಮಾತ್ರೆ, ಹೋದ ವಾರ ಡಾಕ್ಟರು ಫೋನಿನಲ್ಲಿ ಹೇಳಿದ್ದು ಒಂದೇ. ಎರಡೂ ತಾಳೆಯಾಗದಿದ್ದರೆ ಊಹೆ ಬೇಡ, ಮಗುವಿನ ಆಸ್ಪತ್ರೆಗೇ ಫೋನ್ ಮಾಡಬೇಕು. ಅರ್ಧ ಮಾತ್ರೆ ಮುರಿಯುವವರು ಗ್ಲೌಸ್ ಹಾಕಿರಬೇಕು, ಬಸುರಿಯರು ಆ ಕೆಲಸಕ್ಕೆ ಕೈ ಹಚ್ಚುವಂತಿಲ್ಲ.

ಆಮೇಲೆ ರಕ್ತನಾಳಕ್ಕೆ ಔಷಧಿ ಹಾಯಿಸಲು ಎದೆಯಲ್ಲಿ ಕೂರಿಸಿರುವ ಸಾಧನ, ಪೋರ್ಟ್ ಅಥವಾ ಹಿಕ್‌ಮನ್ ಕೊಳವೆ. ಪೋರ್ಟ್ ಚರ್ಮದೊಳಗೇ ಹುದುಗಿರುತ್ತದೆ, ಸೂಜಿ ಚುಚ್ಚಿರದಿದ್ದರೆ ಈಜಬಹುದು. ಹಿಕ್‌ಮನ್ ಕೊಳವೆ ಹೊರಗೆ ಜೋತಾಡುವಂಥದ್ದು, ಕೆರೆ ನೀರು ಅದಕ್ಕೆ ಸಲ್ಲ. ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವ ಮಗುವಿಗೆ ಬಿಸಿಲು ಬೇಗ ಸುಡುತ್ತದೆ. ಟೋಪಿ, ತುಂಬುತೋಳಿನ ಅಂಗಿ ಬೇಕೇ ಬೇಕು. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಇಳಿದಿದ್ದರೆ ಗೋಡೆ ಹತ್ತುವ ಆಟ ಇಲ್ಲ.

ಜ್ವರದ ವಿಷಯಕ್ಕೆ ಬಂದರೆ ಮಕ್ಕಳು ಭಾರೀ ಕಿಲಾಡಿಗಳು. ಮನೆಗೆ ಕಳಿಸಿಬಿಡುತ್ತಾರೆಂದು ಬಾಯಿ ಬಿಡುವುದಿಲ್ಲ. ಕೆನ್ನೆ ಕೆಂಪಾಗಿ, ಆಟ ಬಿಟ್ಟು ಮೂಲೆ ಸೇರಿದವನಿಗೆ ಕೂಡಲೇ ಥರ್ಮಾಮೀಟರ್ ಇಡಬೇಕು. 38.3 ಡಿಗ್ರಿ ಸೆಲ್ಸಿಯಸ್ ಒಂದು ಸಲ ತೋರಿಸಿದರೂ, ಇಲ್ಲವೇ 38 ಒಂದು ತಾಸು ಇಳಿಯದಿದ್ದರೂ ಆಸ್ಪತ್ರೆಗೆ. ಬಿಳಿ ರಕ್ತಕಣ ಕಡಿಮೆಯಿರುವ ಮಗುವಿಗೆ ಅಲ್ಲಿ ತಲುಪಿದ ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್ ರಕ್ತನಾಳಕ್ಕೆ ಹೋಗಬೇಕು. ಅಳೆಯುವ ಮೊದಲೇ ಪ್ಯಾರಾಸಿಟಮಾಲ್ ಕೊಟ್ಟರೆ ಜ್ವರ ಮರೆಯಾಗುತ್ತದೆ, ಸೋಂಕು ಒಳಗೇ ಬೆಳೆಯುತ್ತದೆ.

ಸ್ಟೆರಾಯ್ಡ್ ಐದು ದಿನದ ಸರದಿಯಲ್ಲಿರುವ ಮಕ್ಕಳಿಗೆ ಹಸಿವು ಹೊತ್ತು ಗೊತ್ತು ನೋಡುವುದಿಲ್ಲ. ರಾತ್ರಿ ಎರಡಕ್ಕೆದ್ದು ಉಪ್ಪುಪ್ಪಾದ ಚಿಪ್ಸು, ಚೀಸು ಬೇಕೆಂದು ಅಳುತ್ತಾರೆ. ಹಟ ಅಲ್ಲ ಅದು, ಔಷಧಿಯ ಕೆಲಸ. ರಾತ್ರಿ ಪಾಳಿಯವರ ಹತ್ತಿರ ಅಡುಗೆಮನೆ ಕೀ ಇರಬೇಕು.