ಅಷ್ಟು ದೊಡ್ಡ ಆಟಗಾರನಾಗಿದ್ದರೆ ಅಮೆರಿಕಕ್ಕೆ ಏಕೆ ಬರಲಿಲ್ಲ?

ಹತ್ತು ವರ್ಷಗಳಿಂದ ಇದೇ ಪ್ರಶ್ನೆಯನ್ನು ಇದೇ ಮಾತುಗಳಲ್ಲಿ ಕೇಳುತ್ತಿದ್ದೇನೆ. ಕ್ಯೂಬಾದ ಬೇಸ್‌ಬಾಲ್ ಆಟಗಾರ ಒಮಾರ್ ಲಿನಾರೆಸ್‌ಗಿಂತ ಒಳ್ಳೆಯ ಥರ್ಡ್ ಬೇಸ್‌ಮನ್‌ನನ್ನು, ಅಂದರೆ ಓಟಗಾರ ಮುಟ್ಟಬೇಕಾದ ಮೂರನೆಯ ಬೇಸ್ ಬಳಿ ಕಾವಲು ನಿಲ್ಲುವವನನ್ನು, ನಾನು ಕಂಡಿಲ್ಲ ಎಂದು ಬಾಯಿ ಬಿಟ್ಟರೆ ಸಾಕು, ಎದುರಿಗಿದ್ದವರ ಹುಬ್ಬು ಮೇಲೇರುತ್ತದೆ. ಬೇಸ್‌ಬಾಲಿನ ದೊಡ್ಡ ಲೀಗೂ ದೊಡ್ಡ ದುಡ್ಡೂ ಇರುವುದು ಅಮೆರಿಕದಲ್ಲಲ್ಲವೇ. ನಾನಿರುವುದು ಫ್ಲಾರಿಡಾದ ಟ್ಯಾಂಪಾದಲ್ಲಿ. ಇಲ್ಲಿನ ಕನ್ನಡಿಗರು ‘ಏಕೆ ಬರಲಿಲ್ಲ’ ಎಂದು ಕೇಳುತ್ತಾರೆ, ಊರಿನಿಂದ ಫೋನ್ ಮಾಡುವವರು ‘ಏಕೆ ಹೋಗಲಿಲ್ಲ’ ಎಂದು ಕೇಳುತ್ತಾರೆ. ‘ಆಗಿದ್ದರೆ’ ಎಂಬುದು ಮಾತ್ರ ಇಬ್ಬರ ಬಾಯಲ್ಲೂ ತಪ್ಪುವುದಿಲ್ಲ. ನನಗೆ ಚುಚ್ಚುವುದು ಆ ‘ರೆ’. ಉತ್ತರ ಸಿಗುವ ಮೊದಲೇ ಅವನು ದೊಡ್ಡ ಆಟಗಾರನಾಗಿರಲಿಕ್ಕಿಲ್ಲ ಎಂದು ತೀರ್ಮಾನಿಸಿಬಿಟ್ಟಿದ್ದೀರಿ. ಬಾಯಿಮಾತಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳುಹಿಸುತ್ತೇನೆ.

ಮೊದಲು ಆ ‘ರೆ’ಯ ಲೆಕ್ಕ ಚುಕ್ತಾ ಮಾಡುತ್ತೇನೆ. ಲಿನಾರೆಸ್ ಹುಟ್ಟಿದ್ದು 1967ರಲ್ಲಿ, ಕ್ಯೂಬಾದ ಪಶ್ಚಿಮ ತುದಿಯ ಪಿನಾರ್ ದೆಲ್ ರಿಯೊ ಪ್ರಾಂತ್ಯದ ಸಾನ್ ಹುವಾನ್ ಇ ಮಾರ್ತಿನೆಸ್ ಎಂಬ ಊರಿನಲ್ಲಿ. ಜಗತ್ತಿನ ಅತ್ಯುತ್ತಮ ಹೊಗೆಸೊಪ್ಪು ಬೆಳೆಯುವ ನೆಲ ಅದು. ತಂದೆಯೂ ಬೇಸ್‌ಬಾಲ್ ಆಟಗಾರ. ಮಗ ಹದಿನೈದನೆಯ ವಯಸ್ಸಿಗೇ ದೇಶದ ಅತ್ಯುನ್ನತ ಟೂರ್ನಿಯಾದ ರಾಷ್ಟ್ರೀಯ ಸರಣಿಯಲ್ಲಿ ಆಡಿದ. ಮೀಸೆ ಮೂಡುವ ಮೊದಲೇ ದೊಡ್ಡವರ ಎಸೆತ ಎದುರಿಸಿದ್ದಕ್ಕೆ ‘ಎಲ್ ನೀನ್ಯೊ’, ಅಂದರೆ ಹುಡುಗ, ಎಂಬ ಹೆಸರು ಬಂತು. ಐವತ್ತು ದಾಟಿದ ಮೇಲೂ ಅದು ಹೋಗಿಲ್ಲ. ನಾನು ಏಕವಚನದಲ್ಲಿ ಬರೆಯುತ್ತಿರುವುದೂ ಆ ಹೆಸರಿನ ಸಲಿಗೆಯಿಂದಲೇ.

ಈ ಆಟದಲ್ಲಿ ನೂರು ಸಲ ಬ್ಯಾಟ್ ಹಿಡಿದು ಮೂವತ್ತು ಸಲ ಹಿಟ್ ಹೊಡೆದವನನ್ನು, ಅಂದರೆ ಚೆಂಡು ಹೊಡೆದು ಔಟಾಗದೆ ಬೇಸ್ ತಲುಪಿದವನನ್ನು, ತಾರೆ ಎನ್ನುತ್ತಾರೆ. ಲಿನಾರೆಸ್‌ನ ಸರಾಸರಿ .368, ಅಂದರೆ ನೂರಕ್ಕೆ ಸುಮಾರು ಮೂವತ್ತೇಳು. ಒಂದೆರಡು ಒಳ್ಳೆಯ ವರ್ಷಗಳ ಮಾತಲ್ಲ ಇದು, ಇಪ್ಪತ್ತು ಋತುಗಳದ್ದು. ರಾಷ್ಟ್ರೀಯ ಸರಣಿಯ ಇತಿಹಾಸದಲ್ಲಿ ಅದಕ್ಕಿಂತ ಮೇಲಿನ ಸರಾಸರಿ ಇಲ್ಲ. ಹೋಮ್ ರನ್‌ಗಳು, ಅಂದರೆ ಚೆಂಡನ್ನು ಮೈದಾನದ ಬೇಲಿಯಾಚೆ ಅಟ್ಟಿದ ಹೊಡೆತಗಳು, 404. ಒಲಿಂಪಿಕ್ಸ್‌ನಲ್ಲಿ 1992ರ ಬಾರ್ಸಿಲೋನಾ ಮತ್ತು 1996ರ ಅಟ್ಲಾಂಟಾದಲ್ಲಿ ಚಿನ್ನ, 2000ದ ಸಿಡ್ನಿಯಲ್ಲಿ ಬೆಳ್ಳಿ.

ಆಗಿನ ಬ್ಯಾಟುಗಳು ಅಲ್ಯೂಮಿನಿಯಮ್ ಬ್ಯಾಟುಗಳಲ್ಲವೇ ಎಂದು ತಿಳಿದವರು ತಡೆಯುತ್ತಾರೆ. ಹೌದು. ಕ್ಯೂಬಾದಲ್ಲಿ ಮರದ ಬ್ಯಾಟು ಮರಳಿ ಬಂದಿದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಲೋಹದ ಬ್ಯಾಟಿನಿಂದ ಚೆಂಡು ಹೆಚ್ಚು ದೂರ ಹೋಗುತ್ತದೆ ಎಂಬುದೂ ನಿಜ. ಆದರೆ ಅದೇ ಬ್ಯಾಟು ಅದೇ ಸರಣಿಯ ನೂರಾರು ಆಟಗಾರರ ಕೈಯಲ್ಲೂ ಇತ್ತು. .368 ಬಂದಿದ್ದು ಒಬ್ಬನಿಗೆ.

ಅಟ್ಲಾಂಟಾದ ಫೈನಲ್ ಒಂದನ್ನಾದರೂ ಹೇಳದೆ ಮುಂದೆ ಹೋಗಲಾರೆ. 1996ರ ಆಗಸ್ಟ್ 2, ಎದುರಾಳಿ ಜಪಾನ್. ಕ್ಯೂಬಾ ಆರಂಭದಲ್ಲೇ ದೊಡ್ಡ ಮುನ್ನಡೆ ಪಡೆಯಿತು. ಆಮೇಲೆ ಜಪಾನಿನ ನೊಬುಹಿಕೊ ಮತ್ಸುನಾಕಾ, ಮೂರೂ ಬೇಸ್‌ಗಳಲ್ಲಿ ಓಟಗಾರರು ನಿಂತಿದ್ದಾಗ ಚೆಂಡನ್ನು ಬೇಲಿಯಾಚೆ ಹೊಡೆದು ಆಟವನ್ನು 6-6ಕ್ಕೆ ತಂದು ನಿಲ್ಲಿಸಿದ. ಅಂಥ ಹೊಡೆತದ ನಂತರ ತಂಡಗಳು ಕುಸಿಯುವುದನ್ನು ನೋಡಿದ್ದೇನೆ. ಆ ರಾತ್ರಿ ಲಿನಾರೆಸ್ ಒಬ್ಬನೇ ಮೂರು ಹೋಮ್ ರನ್ ಹೊಡೆದ. ಕ್ಯೂಬಾ 13-9ರಿಂದ ಗೆದ್ದಿತು. ಇದು ನಡೆದಿದ್ದು ಅಮೆರಿಕದ ನೆಲದಲ್ಲಿ. ‘ಏಕೆ ಬರಲಿಲ್ಲ’ ಎನ್ನುವವರು ಇದನ್ನು ಗಮನಿಸಬೇಕು: ಅವನು ಬಂದಿದ್ದ. ವಾರಗಟ್ಟಲೆ ಇದ್ದ. 1999ರ ಮೇ ತಿಂಗಳಲ್ಲಿ ಮತ್ತೆ ಬಂದ, ಅಮೆರಿಕದ ವೃತ್ತಿಪರ ಲೀಗಿನ ಬಾಲ್ಟಿಮೋರ್ ಓರಿಯೋಲ್ಸ್ ತಂಡವನ್ನು ಅವರದೇ ಮೈದಾನದಲ್ಲಿ ಕ್ಯೂಬಾ 12-6ರಿಂದ ಸೋಲಿಸಿದ ಪಂದ್ಯಕ್ಕೆ. ಎರಡು ಸಲವೂ ಬಂದು, ಆಡಿ, ಗೆದ್ದು, ಮನೆಗೆ ಹೋದ.

ಒಂದು ಯುಗಾದಿಯ ಊಟದಲ್ಲಿ ನಾನು ಇಷ್ಟನ್ನೂ ಹೇಳಿದ್ದೆ. ಪಕ್ಕದಲ್ಲಿ ಕುಳಿತ ಹಿರಿಯರೊಬ್ಬರು ಹೋಳಿಗೆ ಮುರಿಯುತ್ತಾ ಶಾಂತವಾಗಿ, “ಅಂದರೆ ಧೈರ್ಯ ಇರಲಿಲ್ಲ ಅನ್ನಿ” ಎಂದರು. ಸುತ್ತಲಿದ್ದ ನಾಲ್ವರು ತಲೆಯಾಡಿಸಿದರು. ನನ್ನ ಎಲೆಯ ಮೇಲಿನ ಹೋಳಿಗೆ ಹಾಗೇ ಉಳಿಯಿತು. ತುಪ್ಪ ಹಾಕಲು ಬಂದವರು ನನ್ನ ಮುಖ ನೋಡಿ ಮುಂದಿನ ಎಲೆಗೆ ಹೋದರು.

ಧೈರ್ಯ! ನಾವೆಲ್ಲ ಹೇಗೆ ಬಂದೆವು? ಕಂಪನಿ ಕಾಗದಪತ್ರ ಮಾಡಿಕೊಟ್ಟಿತು, ಪಾಸ್‌ಪೋರ್ಟಿಗೆ ವೀಸಾ ಅಂಟಿತು, ಚಟ್ನಿಪುಡಿ ತುಂಬಿದ ಎರಡು ಸೂಟ್‌ಕೇಸ್ ಹಿಡಿದು ವಿಮಾನ ಹತ್ತಿದೆವು. ಎರಡು ವರ್ಷಕ್ಕೊಮ್ಮೆ ಊರಿಗೆ ಹೋಗುತ್ತೇವೆ, ತಂಗಿಯ ಮದುವೆಗೆ ನಿಲ್ಲುತ್ತೇವೆ, ಅಪ್ಪನ ಕೊನೆಯ ಕಾರ್ಯಕ್ಕೆ ಹೇಗೋ ತಲುಪುತ್ತೇವೆ. ಕ್ಯೂಬಾದ ಆಟಗಾರನಿಗೆ ಇದ್ದದ್ದು ಈ ದಾರಿಯಲ್ಲ. ಅಲ್ಲಿನ ಸರ್ಕಾರ 1961ರಲ್ಲೇ ವೃತ್ತಿಪರ ಕ್ರೀಡೆಯನ್ನು ರದ್ದುಮಾಡಿತ್ತು. ಬಿಟ್ಟುಹೋದವನು ದ್ರೋಹಿ ಎನಿಸಿಕೊಳ್ಳುತ್ತಿದ್ದ, ವರ್ಷಗಟ್ಟಲೆ ಮನೆಯ ಹೊಸ್ತಿಲು ತುಳಿಯುವಂತಿರಲಿಲ್ಲ. ಇತ್ತ ಅಮೆರಿಕದ ದಿಗ್ಬಂಧನದ ಕಾನೂನು, ಕ್ಯೂಬಾದಲ್ಲಿ ನೆಲೆಸಿದ ಆಟಗಾರನಿಗೆ ಇಲ್ಲಿನ ತಂಡ ಸಂಬಳ ಕೊಡುವುದನ್ನೇ ತಡೆಯುತ್ತಿತ್ತು. ಹೊಸ್ತಿಲಿನ ಆಚೆಗೂ ಈಚೆಗೂ ಬೀಗ ಜಡಿದು, ನಡುವೆ ನಿಂತವನನ್ನು ಏಕೆ ಬರಲಿಲ್ಲ ಎಂದು ಕೇಳುತ್ತೀರಿ.

ಬಂದವರು ಹೇಗೆ ಬಂದರು ಎಂದಾದರೂ ಕೇಳಿ. ಎರಡನೆಯ ಮತ್ತು ಮೂರನೆಯ ಬೇಸ್‌ಗಳ ನಡುವೆ ಕಾಯುವ ಶಾರ್ಟ್‌ಸ್ಟಾಪ್ ರೇ ಓರ್ದೊನ್ಯೆಸ್ 1993ರಲ್ಲಿ ಬಫಲೋದಲ್ಲಿ ನಡೆದ ವಿಶ್ವವಿದ್ಯಾಲಯಗಳ ಕ್ರೀಡಾಕೂಟದ ನಡುವೆ ಬೇಲಿ ಹಾರಿ, ಕಾಯುತ್ತಿದ್ದ ಕಾರು ಹತ್ತಿದ. ಫಸ್ಟ್ ಬೇಸ್‌ಮನ್ ಹೋಸೆ ಅಬ್ರೇಯು 2013ರಲ್ಲಿ ದೋಣಿಯಲ್ಲಿ ಹೈಟಿಗೆ ಬಂದ. ಅಲ್ಲಿಂದ ಮಯಾಮಿಗೆ ಬರುವ ವಿಮಾನದಲ್ಲಿ ನಕಲಿ ಪಾಸ್‌ಪೋರ್ಟಿನ ಹಾಳೆಯನ್ನು ಬಿಯರ್ ಜೊತೆ ನುಂಗಿದೆ ಎಂದು ಮುಂದೆ ಅವನೇ ನ್ಯಾಯಾಲಯದಲ್ಲಿ ಹೇಳಿದ. ಶಿಕಾಗೊ ವೈಟ್ ಸಾಕ್ಸ್ ತಂಡ ಅವನಿಗೆ ಆರು ವರ್ಷಕ್ಕೆ 6.8 ಕೋಟಿ ಡಾಲರ್ ಕೊಟ್ಟಿತು. 2020ರಲ್ಲಿ ತನ್ನ ಲೀಗಿನ ಅತ್ಯಮೂಲ್ಯ ಆಟಗಾರನೂ ಆದ. ಆದರೆ ಅಲ್ಲೇ ಬಿಟ್ಟು ಬಂದಿದ್ದ ಪುಟ್ಟ ಮಗನನ್ನು ಅವನು ಮತ್ತೆ ಅಪ್ಪಿಕೊಂಡಿದ್ದು 2015ರ ಡಿಸೆಂಬರಿನಲ್ಲಿ, ಹವಾನಾಕ್ಕೆ ಸೌಹಾರ್ದ ಭೇಟಿ ಹೋದಾಗ. ಅಬ್ರೇಯುವಿನ ಧೈರ್ಯದ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಆದರೆ ಆ ಬೆಲೆಯನ್ನು ಕೊಡದವನನ್ನು ಹೇಡಿ ಎನ್ನಲು ನನ್ನ ನಾಲಿಗೆ ಹೊರಳುವುದಿಲ್ಲ.

ಉಳಿದವರ ಬದುಕು ಹೂವಿನ ಹಾಸಿಗೆಯಾಗಿತ್ತು ಎಂದೂ ನಾನು ಹೇಳುತ್ತಿಲ್ಲ. ಸೋವಿಯತ್ ಒಕ್ಕೂಟ ಬಿದ್ದ ಮೇಲೆ ಆ ದ್ವೀಪದಲ್ಲಿ ಅನ್ನಕ್ಕೂ ಕರೆಂಟಿಗೂ ತತ್ವಾರವಾಗಿತ್ತು. ಲಿನಾರೆಸ್‌ನ ಜೊತೆಯಲ್ಲೇ ಆಡಿದ ಶಾರ್ಟ್‌ಸ್ಟಾಪ್ ಹೆರ್ಮಾನ್ ಮೆಸಾನನ್ನು 1996ರಲ್ಲಿ, ಹೊರಗಿನ ಏಜೆಂಟರ ಸಂಪರ್ಕವಿದೆ ಎಂಬ ಕಾರಣಕ್ಕೆ ಆಟದಿಂದಲೇ ಹೊರಹಾಕಿದರು. ಅವನು ಎಲ್ಲಿಗೂ ಹೋಗಿರಲಿಲ್ಲ. ಕಾಲ ಚಿನ್ನದಂಥ ಎರಡು ವರ್ಷಗಳನ್ನು ತಿಂದ ಮೇಲೆ ಮರಳಿ ಸೇರಿಸಿಕೊಂಡರು. ಇದನ್ನು ಅನ್ಯಾಯ ಎಂದೇ ಕರೆಯುತ್ತೇನೆ. ಆದರೆ ಇದನ್ನು ಹಿಡಿದುಕೊಂಡು, ‘ನನ್ನ ಜನರ ಮುಂದೆ ಆಡುವುದೇ ನನಗೆ ಇಷ್ಟ’ ಎಂಬರ್ಥದ ಮಾತನ್ನು ಲಿನಾರೆಸ್ ಹೇಳಿದಾಗಲೆಲ್ಲ ‘ಯಾರೋ ಹೇಳಿಸಿದ್ದು’ ಎಂದು ತಳ್ಳಿಹಾಕುವುದು ಯಾವ ನ್ಯಾಯ? ಡಾಲರಿನ ಆಸೆಯಿಂದ ಬಂದೆ ಎಂದವನನ್ನು ತಕ್ಷಣ ನಂಬುತ್ತೀರಿ. ಊರಿನ ಆಸೆಯಿಂದ ಉಳಿದೆ ಎಂದವನಿಗೆ ಮಾತ್ರ ಸಾಕ್ಷಿ ಕೇಳುತ್ತೀರಿ.

ಜಪಾನಿನ ವಿಷಯವೂ ಬರುತ್ತದೆ. ಸರ್ಕಾರದ ಅನುಮತಿಯ ಮೇಲೆ 2002ರಿಂದ 2004ರವರೆಗೆ ಚೂನಿಚಿ ಡ್ರ್ಯಾಗನ್ಸ್ ತಂಡಕ್ಕೆ ಆಡಿದ. ಸೇರುವಾಗ ವಯಸ್ಸು 34, ಮೈ ಭಾರವಾಗಿತ್ತು, ಕಾಲುಗಳಲ್ಲಿ ಹಳೆಯ ವೇಗವಿರಲಿಲ್ಲ. ಮೂರು ವರ್ಷ ಸಾಧಾರಣವಾಗಿ ಆಡಿದ. ಅದನ್ನು ತೋರಿಸಿ ‘ನೋಡಿದಿರಾ’ ಎನ್ನುವವರಿಗೆ ನನ್ನಲ್ಲಿ ಉತ್ತರವಿಲ್ಲ, ಕೋಪ ಮಾತ್ರ ಇದೆ. ಸುಗ್ಗಿ ಮುಗಿದ ಮೇಲೆ ಬಂದು ಗದ್ದೆಯಲ್ಲಿ ಪೈರೆಲ್ಲಿ ಎಂದರೆ ಏನು ಹೇಳಲಿ?

ನನ್ನ ತಂದೆ ಜಿ.ಆರ್. ವಿಶ್ವನಾಥ್ ಅವರ ಸ್ಕ್ವೇರ್ ಕಟ್ ಬಗ್ಗೆ ಅರ್ಧ ಗಂಟೆ ಮಾತನಾಡಬಲ್ಲವರಾಗಿದ್ದರು. ಚೆಂಡು ಬ್ಯಾಟಿಗೆ ಎಷ್ಟು ತಡವಾಗಿ ತಾಗುತ್ತಿತ್ತು, ಮಣಿಕಟ್ಟು ಹೇಗೆ ತಿರುಗುತ್ತಿತ್ತು ಎಂಬುದನ್ನೆಲ್ಲ ಕೊಡೆ ಹಿಡಿದು ತೋರಿಸುತ್ತಿದ್ದರು. ವಿಶ್ವನಾಥ್ ಎಷ್ಟು ದುಡಿದರು ಎಂದು ಅವರನ್ನು ಯಾರೂ ಕೇಳಿದ್ದು ನನಗೆ ನೆನಪಿಲ್ಲ. ನನ್ನನ್ನೂ ಹಾಗೆ ಯಾರಾದರೂ ಕೇಳಲಿ ಎಂದು ಹತ್ತು ವರ್ಷಗಳಿಂದ ಕಾಯುತ್ತಿದ್ದೇನೆ: ಲಿನಾರೆಸ್ ಹೇಗೆ ಆಡುತ್ತಿದ್ದ?

ಆ ಪ್ರಶ್ನೆ ಬೇಕಾಗದ ಒಬ್ಬರನ್ನು ಮಾತ್ರ ಬಲ್ಲೆ. ನಮ್ಮ ಬೀದಿಯ ಕೊನೆಯ ಮನೆಯಲ್ಲಿದ್ದ ವೃದ್ಧರು. ಅವರೂ ಪಿನಾರ್ ದೆಲ್ ರಿಯೊದವರು, ಹೊಗೆಸೊಪ್ಪಿನ ರೈತರು, 1994ರ ಬೇಸಿಗೆಯಲ್ಲಿ ಸಾವಿರಾರು ಜನ ತೆಪ್ಪ ಕಟ್ಟಿಕೊಂಡು ಸಮುದ್ರಕ್ಕಿಳಿದಾಗ ಅವರೊಡನೆ ಹೊರಟು ಬಂದವರು. ನಾನು ಹುಣಸೂರಿನ ಕಡೆಯವನು. ಹೊಗೆಸೊಪ್ಪು ಹದಮಾಡುವ ಬ್ಯಾರನ್ನಿನ ವಾಸನೆಯ ನಡುವೆ ಬೆಳೆದವನು ಎಂದು ತಿಳಿದ ದಿನ ಅವರು ನನ್ನನ್ನು ವರಾಂಡಕ್ಕೆ ಕರೆದು ಕಾಫಿ ಕೊಟ್ಟರು. ಲಿನಾರೆಸ್‌ನ ಹೆಸರನ್ನು ನಾನು ಮೊದಲು ಕೇಳಿದ್ದು ಅಲ್ಲಿ. ಅವರ ಇಂಗ್ಲಿಷ್ ಕಡಿಮೆ, ನನ್ನ ಸ್ಪ್ಯಾನಿಷ್ ಇನ್ನೂ ಕಡಿಮೆ.

ಮಾತು ಸಾಲದಾದಾಗ ಅವರು ಎದ್ದರು. ಗೋಡೆಗೆ ಒರಗಿಸಿದ್ದ ಪೊರಕೆಯನ್ನು ನನ್ನ ಕೈಗೆ ಕೊಟ್ಟು, ಚೆಂಡನ್ನು ಮೆಲ್ಲಗೆ ತಟ್ಟಿ ಉರುಳಿಸುವಂತೆ ಸನ್ನೆ ಮಾಡಿದರು. ತಾವು ಅಂಗಳಕ್ಕಿಳಿದು ಎಡಕ್ಕೆ ಹೋಗಿ, ಮೊಣಕಾಲ ಮೇಲೆ ಕೈಯೂರಿ ಬಾಗಿ ನಿಂತರು. ನಾನು ಪೊರಕೆ ಆಡಿಸಿದೆ. ಎಪ್ಪತ್ತು ದಾಟಿದ ಆ ಮನುಷ್ಯ ಓಡಿ ಬಂದು, ಇಲ್ಲದ ಚೆಂಡನ್ನು ಹುಲ್ಲಿನಿಂದ ಬರಿಗೈಯಲ್ಲಿ ಎತ್ತಿ, ನೆಟ್ಟಗಾಗದೆ, ಬಾಗಿದ ಮೈಯಲ್ಲೇ, ಸೊಂಟದ ಪಕ್ಕದಿಂದ ಎಸೆದರು. ಆಮೇಲೆ ಅಂಚೆಪೆಟ್ಟಿಗೆಯ ಕಡೆಗೆ ಕತ್ತು ತಿರುಗಿಸಿ, ಚೆಂಡು ಅಲ್ಲಿಗೆ ತಲುಪುವವರೆಗೂ ನೋಡುತ್ತಾ ನಿಂತರು.