ಲ್ಯಾಪ್‌ಟಾಪಲ್ಲಿ ಕೇಳಿ ಕೊಟ್ಟ 4 ಅಂಕ

ಮ್ಯೂಸಿಕ್ ಆಪ್ ಒಂದಕ್ಕೆ ಹೊಸ ಆಲ್ಬಂ ಕೇಳಿ, ಅಂಕ ಕೊಟ್ಟು, ನಾಲ್ಕು ಪ್ಯಾರಾ ಬರೆಯೋದು ನನ್ನ ಕೆಲಸ. ಹೋದ ತಿಂಗಳು ಅಮೆರಿಕದ ದಕ್ಷಿಣದ ಊರು ಹ್ಯೂಸ್ಟನ್ನಿನ ರ‍್ಯಾಪರ್ ಒಬ್ಬನ ಆಲ್ಬಂ ಬಿಡುಗಡೆಗೆ ಮುಂಚೆಯೇ ಕೈಗೆ ಬಂತು. 19 ಹಾಡು, ಸಂಜೆ ಆರಕ್ಕೆ ಡೆಡ್‌ಲೈನ್. ಮೇಲ್ ನೋಡ್ತಾ ನೋಡ್ತಾ ಲ್ಯಾಪ್‌ಟಾಪ್ ಸ್ಪೀಕರಲ್ಲೇ ಕೇಳಿ ಮುಗಿಸಿದೆ. ‘ಖಾಲಿ ಬೀಟು, ತೂಕಡಿಸುವ ದನಿ’ ಅಂತ ಬರೆದು ಹತ್ತಕ್ಕೆ 4 ಕೊಟ್ಟೆ.

ಎಡಿಟರ್ ಮೇಡಂ ಕೇಳಿದ್ದು ಒಂದೇ ಮಾತು: “ಯಾವುದರಲ್ಲಿ ಕೇಳಿದ್ರಿ?”

ಹೇಳಿದೆ. ಬೈಯಲಿಲ್ಲ, ಫೈಲ್ ವಾಪಸ್ ಕಳಿಸಿದ್ರು.

ಅಮೆರಿಕದ ದಕ್ಷಿಣದ ಹಿಪ್‌ಹಾಪ್‌ಗೆ ಬೆನ್ನೆಲುಬು ರೋಲ್ಯಾಂಡ್ ಟಿಆರ್-808. 1980ರಲ್ಲಿ ಬಂದ ಡ್ರಮ್ ಮೆಷಿನ್. ಅದರ ಕಿಕ್, ಅಂದ್ರೆ ದಪ್ಪ ಡ್ರಮ್ಮಿನ ಪೆಟ್ಟು, ಬಿದ್ದ ಮೇಲೂ ಗುಂಯ್ ಅಂತ ಉಳಿಯುತ್ತೆ. ಆ ಉಳಿಕೆಯನ್ನೇ ಶ್ರುತಿಗೆ ಕೂರಿಸಿ ಬೇಸ್ ನುಡಿಸ್ತಾರೆ, ಸುಮಾರು 50 ಹರ್ಟ್ಸ್ ಆಸುಪಾಸಿನಲ್ಲಿ. ಲ್ಯಾಪ್‌ಟಾಪ್ ಸ್ಪೀಕರು ಅಷ್ಟು ಕೆಳಗೆ ಇಳಿಯೋದೇ ಇಲ್ಲ. ನಾನು ಕೇಳಿದ್ದು ಡಗ್ಗ ತೆಗೆದಿಟ್ಟ ತಬಲಾ.

ರಾತ್ರಿ ನಮ್ಮ ಬೀದಿಯ ಆಟೋ ಅಣ್ಣನ ಹತ್ರ ಹೋದೆ. ಸೀಟಿನ ಹಿಂದೆ ದೊಡ್ಡ ಸಬ್‌ವೂಫರ್ ಇಟ್ಕೊಂಡಿದ್ದಾನೆ, ಅದಕ್ಕೆ ಪೊಲೀಸರ ಹತ್ರ ಬೈಸ್ಕೊಳ್ತಾನೂ ಇರ್ತಾನೆ. ಬ್ಲೂಟೂತ್ ಹಾಕಿದ್ವಿ. ಎರಡನೇ ಹಾಡಿಗೆ ನಂಬರ್ ಪ್ಲೇಟ್ ಗಡಗಡ. ಕಿವಿಗಿಂತ ಮೊದಲು ಬೆನ್ನಿಗೆ ಗೊತ್ತಾಯ್ತು. ಖಾಲಿ ಅಂತ ಬರೆದಿದ್ದ ಜಾಗದಲ್ಲೇ ಹಾಡು ಕೂತಿತ್ತು.

“ಇದೇನ್ ಸಾರ್, ಸೆಲ್ ವೀಕಾದ ಟೇಪ್ ರೆಕಾರ್ಡರ್ ಥರ?” ಅಂದ ಅಣ್ಣ.

ಅವನಿಗೆ ಒಂದೇ ಸಲಕ್ಕೆ ಸಿಕ್ಕಿದ್ದು ನನಗೆ ಸಿಕ್ಕಿರಲಿಲ್ಲ. 90ರ ದಶಕದಲ್ಲಿ ಹ್ಯೂಸ್ಟನ್ನಿನ ಡಿಜೆ ಸ್ಕ್ರೂ ಹಾಡುಗಳ ವೇಗ ಇಳಿಸಿ, ನಡುನಡುವೆ ಪದಗಳನ್ನು ಕತ್ತರಿಸಿ ಮತ್ತೆ ಮತ್ತೆ ಹೇಳಿಸಿ, ಕ್ಯಾಸೆಟ್ ಮಾಡಿ ಮಾರ್ತಿದ್ದ. 2000ದಲ್ಲಿ, 29ರ ವಯಸ್ಸಿಗೇ ತೀರಿಕೊಂಡ. ಅವನ ರೆಕಾರ್ಡುಗಳು ಈಗ ಹ್ಯೂಸ್ಟನ್ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿವೆ. ನಾನು ತೂಕಡಿಕೆ ಅಂದಿದ್ದು ಆ ಊರಿನ ನಡಿಗೆ.

ಹಾಗಂತ ಹೊಗಳಿ ಅಟ್ಟಕ್ಕೇರಿಸಲಿಲ್ಲ. ಏಳು ಹಾಡು ಆರಾಮಾಗಿ ಕಿತ್ತುಹಾಕಬಹುದಿತ್ತು, ಅತಿಥಿ ರ‍್ಯಾಪರ್‌ಗಳದ್ದೇ ಒಂದು ಜಾತ್ರೆ. ನಡುವೆ ಐದಾರು ಕಡೆ ಟ್ರ್ಯಾಪ್ ಅನ್ನೋ ಅಟ್ಲಾಂಟಾ ಶೈಲಿಯ ಹಿಪ್‌ಹಾಪಿನಿಂದ ಟಿಕಿಟಿಕಿ ಹೈಹ್ಯಾಟ್ ತಾಳ ಎರವಲು ತಂದು ಸುರಿದಿದ್ದಾನೆ, ಅಲ್ಲಿ ಅವನ ಊರೇ ಕಾಣಲ್ಲ. ಇದನ್ನೆಲ್ಲ ಬರೆದು ಆರೂವರೆ ಕೊಟ್ಟೆ. ಮೇಡಂ ಒಂದಕ್ಷರ ಮುಟ್ಟಲಿಲ್ಲ.

ಆಟೋ ಅಣ್ಣ ಮಾತ್ರ ಎರಡನೇ ಹಾಡು ವಾಟ್ಸಾಪ್ ಮಾಡಿ ಅಂತ ಪ್ರಾಣ ತಿಂದ. ಕೊಡೋ ಹಾಗಿಲ್ಲ, ಶುಕ್ರವಾರ ರಿಲೀಸು ಅಂದೆ. ಶುಕ್ರವಾರ ಬೆಳಿಗ್ಗೆ ಏಳಕ್ಕೇ ಗೇಟಿನ ಹತ್ರ ಹಾರ್ನ್.