ಗಿರಣಿಯಲ್ಲಿ ನೆನಪಾದ ಗ್ರೀನ್

ಬೆಳಿಗ್ಗೆ ಜೋಳ ಬೀಸಿಸಲು ಗಿರಣಿಗೆ ಹೋಗಿದ್ದೆ. ಕಲಬುರಗಿಯಲ್ಲಿ ರೊಟ್ಟಿ ಇಲ್ಲದೆ ಊಟ ಆಗಲ್ಲ, ಸಾಲು ಉದ್ದ ಇತ್ತು. ಗಿರಣಿ ಅಣ್ಣನ ರೆಪ್ಪೆ ಮೇಲೆಲ್ಲ ಹಿಟ್ಟು. ಬಿಸಿ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿ, ಕಲ್ಲು ಸ್ವಲ್ಪ ಬಿಗಿ ಮಾಡಿದರು.

ಸುಮ್ನೆ ನಿಂತಾಗ ಗಣಿತಜ್ಞ ಜಾರ್ಜ್ ಗ್ರೀನ್ ನೆನಪಾದರು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಹತ್ತಿರ ಅಪ್ಪನ ಗಾಳಿಗಿರಣಿಯಲ್ಲಿ ದುಡಿದವರು. ಶಾಲೆಗೆ ಹೋಗಿದ್ದು ಬರೀ ಒಂದು ವರ್ಷದಷ್ಟು. ಉಳಿದದ್ದೆಲ್ಲ ತಾವೇ ಓದಿ ಕಲಿತದ್ದು. ವಿದ್ಯುತ್ತು, ಕಾಂತತ್ವಕ್ಕೆ ಗಣಿತ ಹೊಂದಿಸಿ 1828ರಲ್ಲಿ ಪ್ರಬಂಧ ಅಚ್ಚು ಹಾಕಿಸಿದರು. ಅದಕ್ಕೆ ಚಂದಾ ಕೊಟ್ಟವರು 51 ಜನ. ನಲವತ್ತು ವಯಸ್ಸಿಗೆ ಕೇಂಬ್ರಿಡ್ಜ್ ಸೇರಿದರು, ವಿದ್ಯಾರ್ಥಿಯಾಗಿ!

1841ರಲ್ಲಿ ತೀರಿಕೊಂಡರು. ಆ ಪ್ರಬಂಧವನ್ನು ಜಗತ್ತಿಗೆ ತೋರಿಸಿದ ವಿಜ್ಞಾನಿ ವಿಲಿಯಂ ಥಾಮ್ಸನ್ (ಮುಂದೆ ಲಾರ್ಡ್ ಕೆಲ್ವಿನ್) ಕೈಗೆ ಅದು ಸಿಕ್ಕಿದ್ದು 1845ರಲ್ಲಿ. ನಾಲ್ಕೇ ವರ್ಷ ತಡ. ಇದೊಂದು ನನಗೆ ಇವತ್ತಿಗೂ ಸಂಕಟ ಕೊಡುತ್ತೆ. ಇಂಜಿನಿಯರಿಂಗ್ ಓದೋ ನಮ್ಮ ಹುಡುಗರು ಈಗ ಗ್ರೀನ್ ಪ್ರಮೇಯ ಬಿಡಿಸ್ತಾರೆ, ಅಲ್ವಾ?